ಕಾರ್ಡೆಲ್‌ಗಾಗಿ ನಾನು ಬರೆದ ಪತ್ರ

ಗುಂಡು ಹಾರಿಸುವ ಮೊದಲು ಕಾರ್ಡೆಲ್ ನನಗೆ ಹೇಳಿದ್ದು ಇಷ್ಟೇ: "ಮಿಸ್ ಯೂಡೋರಾ, ನೀವು ಸ್ವಲ್ಪ ಆ ಕಡೆ ಹೋಗಿ."

ಧ್ವನಿಯಲ್ಲಿ ಒರಟಿರಲಿಲ್ಲ. ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ. ಆ ಜಾಗವನ್ನು ನನಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತಿದ್ದವನು ಹದಿನೇಳರ ಟಾವನ್, ನಮ್ಮ ಕೆಳಮನೆಯ ವರ್ನೆಟಾಳ ಮಗ. ನಾನು ಮಂಡಿ ಹಿಡಿದುಕೊಂಡು ಏಳುವಷ್ಟು ಹೊತ್ತು ಕಾರ್ಡೆಲ್ ಕಾದ. ಎರಡು ಹೆಜ್ಜೆ ಇಟ್ಟಿದ್ದೆನಷ್ಟೆ, ಮೊದಲ ಗುಂಡು ಟಾವನ್‌ನ ಗಂಟಲಿಗೆ ಬಿತ್ತು. ಹುಡುಗ ಎರಡೂ ಕೈಗಳಿಂದ ಕತ್ತನ್ನು ಒತ್ತಿಕೊಂಡು, ನಾನು ಕೂತಿದ್ದ ಜಾಗದಲ್ಲೇ ಕುಸಿದ. ಕಾರ್ಡೆಲ್ ಹತ್ತಿರ ಹೋಗಿ ಹೊಟ್ಟೆಗೆ ಇನ್ನೂ ಮೂರು ಸಲ ಹೊಡೆದ. ಆಮೇಲೆ ಓಡಲಿಲ್ಲ, ನಡೆದುಕೊಂಡು ಹೋದ.

ನನ್ನ ಶಾಲನ್ನು ಮುದ್ದೆ ಮಾಡಿ ಟಾವನ್‌ನ ಕತ್ತಿಗೆ ಒತ್ತಿದೆ. ರಕ್ತ ನನ್ನ ಮೊಣಕೈವರೆಗೂ ಇಳಿಯಿತು. ಅವನು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದ. ಆಂಬುಲೆನ್ಸಿನ ಸದ್ದು ಕೇಳುವ ಮೊದಲೇ ಆ ಹಿಡಿತ ಸಡಿಲವಾಯಿತು. ಕಾರ್ಡೆಲ್‌ನ ಸತ್ತ ಅಣ್ಣನನ್ನು ಗೇಲಿ ಮಾಡಿ ಯಾರೋ ಫೋನಿನಲ್ಲಿ ಒಂದು ಹಾಡಿನ ವಿಡಿಯೋ ಹಾಕಿದ್ದರಂತೆ. ಟಾವನ್ ಅದನ್ನು ನೋಡಿ ನಕ್ಕಿದ್ದನಂತೆ. ಕಾರಣ ಅಷ್ಟೇ.

ಕಾರ್ಡೆಲ್ ಮೂರು ವರ್ಷದ ಹಿಂದೆ ಹತ್ತೊಂಬತ್ತರಲ್ಲಿದ್ದಾಗ ಒಮ್ಮೆ ಸಿಕ್ಕಿಬಿದ್ದಿದ್ದ. ನಮ್ಮ ವಾಷಿಂಗ್ಟನ್ ನಗರದಲ್ಲಿ ಇಪ್ಪತ್ತೈದು ತುಂಬದವರಿಗೆಂದು ಒಂದು ಕಾನೂನಿದೆ. ನ್ಯಾಯಾಧೀಶರು ಮನಸ್ಸು ಮಾಡಿದರೆ ಶಿಕ್ಷೆ ಇಳಿಸಬಹುದು. ಹುಡುಗ ಅದನ್ನು ಸರಿಯಾಗಿ ಮುಗಿಸಿದರೆ ಅಪರಾಧವನ್ನೇ ರದ್ದು ಮಾಡಬಹುದು. ಆ ಮನಸ್ಸು ಮಾಡಿಸಲು ಹುಡುಗನ ಒಳ್ಳೆಯ ಗುಣ ಹೇಳುವ ಪತ್ರ ಬೇಕು. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಾದ್ದರಿಂದ ಚರ್ಚಿನಲ್ಲಿ ಯಾರ ಮಗ ಸಿಕ್ಕಿಬಿದ್ದರೂ ತಾಯಂದಿರು ನನ್ನ ಬಳಿ ಬರುತ್ತಿದ್ದರು. ಹುಡುಗ ಏನು ಮಾಡಿದ ಎಂದು ಪತ್ರದಲ್ಲಿ ಬರೆಯಬಾರದು, ಕೇಳಲೂಬಾರದು. ಅದು ನಮ್ಮಲ್ಲಿ ನಡೆದುಬಂದ ರೀತಿ. "ಕೆಟ್ಟದ್ದನ್ನ ಸರ್ಕಾರಿ ವಕೀಲ ಹೇಳ್ತಾನೆ ಬಿಡಿ, ಅದಕ್ಕೇ ಅವನಿಗೆ ಸಂಬಳ" ಎನ್ನುತ್ತಿದ್ದರು ಪಾದ್ರಿಗಳು.

ಹಾಗೆ ಹದಿನಾಲ್ಕು ಪತ್ರ ಬರೆದಿದ್ದೆ. ಕಾರ್ಡೆಲ್ ಹಿಮ ಬಿದ್ದಾಗ ಯಾರೂ ಹೇಳದೆಯೇ ನನ್ನ ಮೆಟ್ಟಿಲು ಗುಡಿಸುತ್ತಾನೆ, ಬಗ್ಗಲಾಗದ ತನ್ನ ಅಜ್ಜಿಯ ಕಾಲುಗುರು ಕತ್ತರಿಸುತ್ತಾನೆ ಎಂದು ಬರೆದಿದ್ದೆ. ಎಲ್ಲವೂ ನಿಜ. ಅವನು ಆಗ ಮಾಡಿದ್ದೇನೆಂದು ನಾನು ಕೋರ್ಟಿನ ಕಾಗದದಲ್ಲಿ ಓದಿದ್ದು ಟಾವನ್‌ನನ್ನು ಮಣ್ಣು ಮಾಡಿ ಬಂದ ಮೇಲೆ. ಊಟ ತಲುಪಿಸುವ ಒಬ್ಬನನ್ನು ನೆಲಕ್ಕೆ ಕೆಡವಿ, ಅವನು ಫೋನು, ದುಡ್ಡು ಎರಡೂ ಕೊಟ್ಟ ಮೇಲೂ ಪಿಸ್ತೂಲಿನ ಹಿಡಿಯಿಂದ ಮುಖಕ್ಕೆ ಹೊಡೆದಿದ್ದ. ದವಡೆ ಎರಡು ಕಡೆ ಮುರಿದಿತ್ತು, ಎಡಗಣ್ಣು ಹೋಗಿತ್ತು. ಕಾರ್ಡೆಲ್ ಹದಿನೆಂಟು ತಿಂಗಳಿಗೆ ಹೊರಬಂದಿದ್ದ.

ನಗರಸಭೆ ಈ ಕಾನೂನನ್ನು ತಿದ್ದಲು ಹೊರಟಿತು: ಆಯುಧ ಹಿಡಿದವರಿಗೆ ರಿಯಾಯಿತಿ ಬೇಡ ಎಂದು. ಜನರ ಮಾತು ಕೇಳಲು ಒಂದು ದಿನ ಗೊತ್ತುಮಾಡಿದರು.

"ನೀವು ನನ್ನ ಪಕ್ಕ ಕೂತ್ಕೋಬೇಕು ಮಿಸ್," ಎಂದಳು ವರ್ನೆಟಾ. "ಕಾರ್ಡೆಲ್‌ನ ಹಳೇ ಕೇಸಿನ ತೀರ್ಪಲ್ಲಿ ಜಡ್ಜು ಒಂದು ಪತ್ರ ಓದಿದಾನೆ. ಅಜ್ಜಿ ಉಗುರು ಕತ್ತರಿಸೋ ಹುಡುಗನಂತೆ. ಅದ್ಯಾವ ಪುಣ್ಯಾತ್ಗಿತ್ತಿ ಬರೆದ್ಲೋ, ಹೆಸರು ಹಾಕಿಲ್ಲ. ಗೊತ್ತಾಗ್ಲಿ, ಅವಳ ಬೆರಳು ಒಂದೊಂದೇ ಮುರೀತೀನಿ."

ಏಳು ತಿಂಗಳಿಂದ ಅವಳು ನನ್ನ ಅಡುಗೆಮನೆಯಲ್ಲೇ ಅತ್ತಿದ್ದಳು. ನಾನು ಬಾಯಿ ಬಿಟ್ಟಿರಲಿಲ್ಲ. ಈಗ ಹೇಳದೆ ಹೋದರೆ ನನಗೆ ಅವಳ ಪಕ್ಕ ಕೂರುವ ಮುಖವಿಲ್ಲ. ಹೇಳಿದರೆ ಅವಳು ಮತ್ತೆ ನನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಸಭೆಯ ದಿನ ನಗರಸಭೆಯ ಹಜಾರದಲ್ಲೇ ಜಗಳ ಹೊತ್ತಿಕೊಂಡಿತು. ವರ್ನೆಟಾ ಟಾವನ್‌ನ ಮುಖ ಅಚ್ಚು ಹಾಕಿಸಿದ ಅಂಗಿ ತೊಟ್ಟಿದ್ದಳು. ಕಾರ್ಡೆಲ್‌ನ ಚಿಕ್ಕಮ್ಮ ಅದನ್ನು ಮೇಲಿಂದ ಕೆಳಗೆ ನೋಡಿ, "ನಗು ಚೆನ್ನಾಗಿ ಬಂದಿದೆ ಕಣೇ. ನಕ್ಕೇ ತಾನೇ ಸತ್ತಿದ್ದು" ಎಂದಳು.

 ವರ್ನೆಟಾ ಆಕೆಯ ಜಡೆಗಳನ್ನು ಮುಷ್ಟಿಯಲ್ಲಿ ಸುತ್ತಿ ಹಣೆಯನ್ನು ಗೋಡೆಗೆ ಅಪ್ಪಳಿಸಿದಳು. ಅಮೃತಶಿಲೆಯ ಮೇಲೆ ರಕ್ತ ಚಿಮ್ಮಿತು. ಆ ಹೆಂಗಸು ತಿರುಗಿ ವರ್ನೆಟಾಳ ಕೆನ್ನೆಯನ್ನು ಉಗುರಿನಿಂದ ಸೀಳಿದಳು. ಬಿಡಿಸಲು ನಾಲ್ವರು ಕಾವಲುಗಾರರು ಬೇಕಾಯಿತು. ಅವರಲ್ಲಿ ವಯಸ್ಸಾದವನೊಬ್ಬ ನೆಲದಲ್ಲಿ ತಡಕಾಡಿ ವರ್ನೆಟಾಳ ಕಿವಿಯೋಲೆ ಹುಡುಕಿಕೊಟ್ಟ. "ನನ್ನ ತಂಗಿ ಮಗನೂ ಹೀಗೇ ಹೋದ ತಾಯಿ. ಒಳಗೆ ಹೋಗಿ, ಇದನ್ನ ನಾನು ನೋಡೇ ಇಲ್ಲ" ಎಂದ.

ಒಂದೊಂದು ಸಲಕ್ಕೆ ನಾಲ್ವರನ್ನು ಮೇಜಿನ ಮುಂದೆ ಕೂರಿಸುತ್ತಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ. ವರ್ನೆಟಾ ಕೆನ್ನೆಗೆ ಕಾಗದ ಒತ್ತಿಕೊಂಡೇ ಮಾತಾಡಿದಳು. ಮಗನ ದೇಹದಲ್ಲಿ ತೂತುಗಳು ಎಲ್ಲೆಲ್ಲಿದ್ದವು ಎಂದು ಬೆರಳಿಟ್ಟು ತೋರಿಸಿದಳು. "ಪತ್ರ ಬರೆದೋಳು ಇವತ್ತು ಎಲ್ಲಿದಾಳೆ? ಆರಾಮಾಗಿ ಟೀ ಕುಡೀತಿರಬೇಕು" ಎಂದು ಮುಗಿಸಿದಳು.

ನನ್ನ ಸರದಿ ಬಂತು. ಬರೆದುಕೊಂಡು ಬಂದಿದ್ದ ಹಾಳೆಯನ್ನು ಮಗುಚಿಟ್ಟೆ.

"ಆ ಪತ್ರ ಬರೆದದ್ದು ನಾನು," ಎಂದೆ. "ಇನ್ನೂ ಹದಿಮೂರು ಜನಕ್ಕೆ ಬರೆದಿದೀನಿ. ಅದರಲ್ಲಿ ಹನ್ನೊಂದು ಜನ ಮತ್ತೆ ಜೈಲು ಕಂಡಿಲ್ಲ. ಇವತ್ತು ನಾವಿಬ್ರೂ ಬಂದ ಬಸ್ಸು ಓಡಿಸಿದ್ದು ಅವರಲ್ಲೊಬ್ಬ. ಆಯುಧ ಹಿಡಿದಿದ್ದ ಅವನೂ, ಈಗ ಓದಿ ತಿಳ್ಕೊಂಡೆ. ಅದಕ್ಕೇ ಈ ಕಾನೂನು ತೆಗೀಬೇಡಿ. ಆದ್ರೆ ನನ್ನಂಥವರು ಕುರುಡಾಗಿ ಬರೆಯೋದನ್ನ ನಿಲ್ಸಿ. ಮೊದಲು ಪೆಟ್ಟು ತಿಂದವರ ಎದುರಿಗೆ ಕೂರಿಸಿ. ಆ ಕಣ್ಣು ಹೋದವನ ಮುಖ ನೋಡಿದ್ದಿದ್ರೆ ನಾನು..."

ಮೊದಲ ಪೆಟ್ಟು ಬಾಯಿಗೆ ಬಿತ್ತು. ವರ್ನೆಟಾಳ ಕೈಯಲ್ಲಿ ಉಕ್ಕಿನ ನೀರಿನ ಬಾಟಲಿ ಇತ್ತು. ಎರಡನೆಯದು ಕಿವಿಯ ಮೇಲೆ. ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಅವಳು ನನ್ನ ಎದೆಯ ಮೇಲೆ ಮಂಡಿಯೂರಿ, ಹೇಳಿದ್ದಂತೆಯೇ ನನ್ನ ಬಲಗೈ ಬೆರಳನ್ನು ಹಿಂದಕ್ಕೆ ಮಡಚಿದಳು. ಮೂಳೆ ಮುರಿದ ಸದ್ದು ಮೈಕಿನಲ್ಲಿ ಕೇಳಿಸಿತೆಂದು ಆಮೇಲೆ ಯಾರೋ ಹೇಳಿದರು. ಅವಳ ಕೆನ್ನೆಯ ರಕ್ತ ನನ್ನ ಕಣ್ಣಿಗೆ ತೊಟ್ಟಿಕ್ಕಿತು.

ಹಜಾರದ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಕೈಗೆ ಪಟ್ಟಿ ಸುತ್ತಿದರು. ಎದುರು ಬೆಂಚಿನಲ್ಲಿ ಕೋಳ ತೊಡಿಸಿದ ವರ್ನೆಟಾ. ಇಬ್ಬರೂ ಏದುಸಿರು ಬಿಡುತ್ತಿದ್ದೆವು.

"ಹಲ್ಲು ಉಗೀರಿ," ಎಂದಳು ಅವಳು. "ನುಂಗಿಬಿಟ್ಟೀರ."

ಉಗಿದೆ. ಎರಡು ಹಲ್ಲು ಬಂದವು.

ಪೊಲೀಸನು ಪುಸ್ತಕ ತೆರೆದು, "ದೂರು ಕೊಡ್ತೀರಾ ಅಮ್ಮಾ?" ಎಂದ.

"ಬೇಡಪ್ಪ," ಎಂದೆ. "ಅವಳು ಅಂಥೋಳಲ್ಲ. ನಂಗೆ ಹುಷಾರಿಲ್ದಾಗ ಹದಿನೈದು ದಿನ ಗಂಜಿ ಕಾಯಿಸಿಕೊಟ್ಟೋಳು..."

"ಸಾಕು ನಿಲ್ಸಿ," ಎಂದಳು ವರ್ನೆಟಾ. ಕೂಗಲಿಲ್ಲ. "ಶುರು ಮಾಡಿದ್ರಲ್ಲ ಮತ್ತೆ. ನಾನೇನು ಮಾಡ್ದೆ ಅಂತ ಹೇಳಿ ಅವನಿಗೆ. ಮೊದಲು ಅದನ್ನ ಹೇಳಿ."

ಪೊಲೀಸನು ಪೆನ್ನು ಹಿಡಿದು ಕಾಯುತ್ತಿದ್ದ. ನಾನು ಅವಳ ಮುಖ ನೋಡುತ್ತಲೇ ಹೇಳತೊಡಗಿದೆ. ಬಾಟಲಿಯಿಂದ ಎರಡು ಸಲ, ಒಂದು ಬಾಯಿಗೆ, ಒಂದು ಕಿವಿಗೆ. ಬಲಗೈಯ ತೋರುಬೆರಳು. ಅವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು.