ಇಬ್ಬರ ಪಾಲು

"ಇನ್ನೊಂದು ಹಾಕ್ತೇನೆ, ಬೇಡ ಅನ್ನಬೇಡ," ಎನ್ನುತ್ತ ಸರಸ ತುಪ್ಪ ಸವರಿದ ನೀರುದೋಸೆಯನ್ನು ಮಡಚಿ ಸೊಸೆಯ ತಟ್ಟೆಗೆ ಹಾಕಿದರು. ಸಾತ್ವಿಕಾಗೆ ಏಳು ತಿಂಗಳು. ಬಸುರಿಯೆಂದು ತಿಳಿದಂದಿನಿಂದ ಬೆಳುವಾಯಿಯ ಆ ಮನೆಯಲ್ಲಿ ಅವಳ ಕೈಗೆ ಪೊರಕೆ ಸಹ ಸಿಕ್ಕಿರಲಿಲ್ಲ.

"ಅತ್ತೆ, ಸುಮ್ಮನೆ ಕೂತರೂ ಎದೆ ಡವಡವ ಹೊಡೆದುಕೊಳ್ತದೆ."

"ಎರಡು ಜೀವ ಮಾರಾಯ್ತಿ, ಹೊಡೆದುಕೊಳ್ಳದೆ ಇರ್ತದಾ? ಇಬ್ಬರ ಪಾಲು ತಿನ್ನಬೇಕು."

ಅಂದೇ ಮೂಡುಬಿದಿರೆಯಲ್ಲಿ ತಪಾಸಣೆಯಿತ್ತು; ಸರಸರೂ ಜೊತೆಗೆ ಹೋದರು. ಡಾಕ್ಟರ್ ಜ್ಯೋತ್ಸ್ನಾ ಬಿ.ಪಿ.ಯನ್ನು ಮತ್ತೊಮ್ಮೆ ನೋಡಿದರು.

"ತೂಕ ಮೊದಲೇ ಸ್ವಲ್ಪ ಹೆಚ್ಚಿತ್ತು. ಈಗ ಬೇಗ ಬೇಗ ಏರಿದೆ. ಎದೆಬಡಿತವನ್ನು ಓಡಿಸುವ ನರ, ತಡೆಯುವ ನರ ಅಂತ ಉಂಟು ಅಮ್ಮ. ತೂಕ ಮಿತಿ ಮೀರಿದರೆ ಕೆಲವರಿಗೆ ಓಡಿಸುವ ನರದ್ದೇ ಮೇಲುಗೈ ಆಗ್ತದೆ. ಆಗ ಮಲಗಿದರೂ ಹೃದಯಕ್ಕೆ ವಿಶ್ರಾಂತಿ ಇಲ್ಲ. ಬಿ.ಪಿ. ಇನ್ನೂ ಏರಿದರೆ ತಾಯಿಗೂ ಮಗುವಿಗೂ ಅಪಾಯ."

ಸರಸರಿಗೆ ಸಿಟ್ಟು ಬಂತು. "ನಾನು ಬಸುರಿಯಾಗಿದ್ದಾಗ ಅತ್ತೆ ಹೊಟ್ಟೆತುಂಬ ಗಂಜಿ ಹಾಕಲಿಲ್ಲ ಡಾಕ್ಟ್ರೇ. ಇವಳನ್ನೂ ಹಾಗೆಯೇ ಉಪವಾಸ ಕೆಡವಲಾ?"

"ಉಪವಾಸ ಯಾರು ಹೇಳಿದ್ದು? ಗಂಜಿ, ಮೀನು, ಬಸಳೆ ಎಲ್ಲ ಇರಲಿ. ತುಪ್ಪ, ಸಿಹಿ, ಕರಿದದ್ದು ಕಡಿಮೆಯಾಗಲಿ. ಮಾತ್ರೆ ಬರೆದಿದ್ದೇನೆ. ದಿನಾ ಸ್ವಲ್ಪ ನಡೆಯಲಿ."

ರಿಕ್ಷಾದಲ್ಲಿ ಸರಸ ಗೊಣಗುತ್ತಲೇ ಬಂದರು. ಸಾತ್ವಿಕಾ ಹೇಳಿದಳು: "ನೀವು ಪ್ರೀತಿಯಲ್ಲಿ ಬಡಿಸುವಾಗ ಬೇಡ ಅನ್ನಲಿಕ್ಕೆ ಬಾಯಿ ಬರುವುದಿಲ್ಲ ಅತ್ತೆ. ಹಸಿವಿಲ್ಲದಿದ್ದರೂ ತಿಂತೇನೆ. ಆಮೇಲೆ ಹೆದರಿಕೆ ಆಗ್ತದೆ."

ಸರಸ ಮಾತ್ರೆಯ ಚೀಟಿಯನ್ನು ಬಿಡಿಸಿ ನೋಡಿದರು.

ಮುಂದಿನ ಭಾನುವಾರ ಅಂಗಳದ ಚಪ್ಪರದಲ್ಲಿ ಬಯಕೆಯ ಸಮಾರಂಭ. ಹಿರಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಸುರಿಯ ಬಾಯಿಗೆ ಸಿಹಿ ಇಡುವುದು ಪದ್ಧತಿ. ಮೂವರ ಸರದಿ ಮುಗಿಯುವಾಗ ಸಾತ್ವಿಕಾಳ ಹಣೆ ಬೆವರಿತ್ತು. ಸರಸರ ಗಂಡನ ಅಕ್ಕ, ಮಾಣಿ ಊರಿನಲ್ಲಿರುವ ಅತ್ತಿಗೆ, ಇಡೀ ಹೋಳಿಗೆ ಹಿಡಿದು ಮುಂದೆ ಬಂದರು. ಸರಸ ಅಡ್ಡ ಬಂದು ಹೋಳಿಗೆಯ ತಟ್ಟೆ ಎತ್ತಿಕೊಂಡರು.

"ಸಾಕು ಅತ್ತಿಗೆ. ಇನ್ನು ಆಶೀರ್ವಾದ ಮಾತ್ರ ಮಾಡಿ."

ಅತ್ತಿಗೆ ನಕ್ಕರು; ಒಳ್ಳೆಯ ನಗೆಯಲ್ಲ. "ನಮ್ಮಮ್ಮ ನಿನಗೆ ಅರೆಹೊಟ್ಟೆ ಹಾಕಿದಳು ಅಂತ ಊರಿಡೀ ಹೇಳಿಕೊಂಡು ಬಂದವಳು ನೀನು. ಈಗ ಸೊಸೆಯ ಬಾಯಿಂದ ಕಿತ್ತುಕೊಳ್ತೀಯಾ?"

ಸರಸರ ಮುಖ ಕಪ್ಪಿಟ್ಟಿತು. ಆ ಮಾತು ತಮಗೆ ಬರಬಾರದೆಂದೇ ಅವರು ಇಷ್ಟು ತಿಂಗಳು ಬಡಿಸಿದ್ದು. ಆದರೂ ತಟ್ಟೆ ಕೆಳಗಿಡಲಿಲ್ಲ.

"ನನಗೆ ಹಸಿವಿತ್ತು, ಯಾರೂ ಕೇಳಲಿಲ್ಲ. ಇವಳಿಗೆ ಹಸಿವಿಲ್ಲ, ನಾನೂ ಕೇಳಲಿಲ್ಲ," ಎಂದು ಸೊಸೆಯತ್ತ ಬಾಗಿದರು. "ನಿನಗೆ ಏನು ಬೇಕು ಮಗಾ?"

"ಒಂದು ಲೋಟ ಮಜ್ಜಿಗೆ. ಆಮೇಲೆ... ಸ್ವಲ್ಪ ಹೊರಗೆ ಹೋಗುವ ಅತ್ತೆ."

ಮಜ್ಜಿಗೆ ಕುಡಿಸಿ, ಹೂ ಮುಡಿದ ಸೊಸೆಯ ಕೈ ಹಿಡಿದು ಸರಸ ಚಪ್ಪರದಿಂದ ಹೊರಬಂದರು. "ಜಿಪುಣಿ," ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು. ತಿರುಗಲಿಲ್ಲ. ಗದ್ದೆಬದಿಯ ದಾರಿಯಲ್ಲಿ ಸಾತ್ವಿಕಾ ಉಸಿರು ತೆಗೆದುಕೊಳ್ಳಲು ನಿಂತಲ್ಲಿ ಅವರೂ ನಿಂತರು. ಅವಳು ಹೆಜ್ಜೆ ಎತ್ತಿದ ಮೇಲೆಯೇ ತಾವು ಎತ್ತಿದರು.