ಅರೆಗಣ್ಣಿಯ ಪಟ

ಆ ಮನೆಯ ಸೊಸೆಯ ಹೊಟ್ಟೆಪಾಡು ನಡೆಯುತ್ತಿದ್ದುದು ದೆವ್ವಗಳಿಂದ. ಅವಳು ದೆವ್ವ ಓಡಿಸುವವಳಲ್ಲ, ಬರೆಯುವವಳು. ಹೆದರಿಕೆಯ ಕತೆಗಳಿಗೆ ಮುಖಪುಟ, ಒಳಗೆ ಅಲ್ಲಲ್ಲಿ ಚಿತ್ರ. ಯಾವ ಕಂಪನಿಯ ನೌಕರಿಯೂ ಅಲ್ಲ; ಯಾರು ಫೋನ್ ಮಾಡಿದರೂ ಅವರಿಗೊಂದು ಪಿಶಾಚಿ ಮಾಡಿಕೊಡುವ ಬಿಡಿಗೆಲಸ. ಅಡುಗೆಮನೆಗೆ ಅಂಟಿದ ಕಿಟಕಿಯ ಪಕ್ಕ ಅವಳ ಮೇಜು. ಕುಕ್ಕರ್ ಒಂದು ಸಲ ಕೂಗುವಷ್ಟರಲ್ಲಿ ಹಾಳೆಯ ಮೇಲೆ ಹೆಣ ಎದ್ದು ಕೂತಿರುತ್ತಿತ್ತು, ಇನ್ನೊಂದು ಕೂಗಿಗೆ ನಡೆಯುತ್ತಿತ್ತು. ಕರಿಮಸಿ, ನಿಬ್ಬಿನ ಪೆನ್ನು, ಮಸಿ ಕೆರೆದು ಬೆಳಕು ತೆಗೆಯಲು ಗಂಡನ ಗಡ್ಡದ ಬ್ಲೇಡು, ಮಂಜು ಚಿಮುಕಿಸಲು ಸವೆದ ಹಲ್ಲುಬ್ರಷ್ಷು. ಒಮ್ಮೆ ಗಂಡ ನಿದ್ದೆಗಣ್ಣಿನಲ್ಲಿ ಆ ಬ್ರಷ್ಷಿನಿಂದಲೇ ಹಲ್ಲುಜ್ಜಿಕೊಂಡು ಅಂಗಡಿಗೆ ಹೋದಾಗ ಅವನ ನಗು ನೋಡಿದ ಗಿರಾಕಿಗಳೆಲ್ಲ ಬೀದಿಯ ತುದಿಯವರೆಗೆ ಓಡಿದರಂತೆ.

ಗಂಡನದು ಕನ್ನಡಕದ ಅಂಗಡಿ. ಇರುವೆಗೆ ಕಣ್ಣು ಮಂಜಾದರೂ ಅಳತೆ ನೋಡಿ ಗಾಜು ಕೂರಿಸಿಬಿಡುತ್ತಾನೆ ಎಂದು ಜನ ಹೊಗಳುತ್ತಿದ್ದರು. ಅವನ ಅಪ್ಪ ಹೆಡ್ಮಾಸ್ಟರು ತೀರಿಕೊಂಡು ವರ್ಷಗಳಾಗಿದ್ದವು. ತಮ್ಮ ಮದುವೆಗೆ ಮುಂಚೆಯೇ ಅವರು ಕಟ್ಟಿಸಿದ ಆ ಮನೆ ಬೆಂಕಿಪೊಟ್ಟಣದ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಸ್ವಲ್ಪ ಉದ್ದದ ನೆಂಟರು ಬಂದರೆ ಬಾಗಿಲಲ್ಲಿ ಹಣೆ ಕುಟ್ಟಿಸಿಕೊಂಡೇ ಒಳಗೆ ಬರಬೇಕು.

ದೆವ್ವಗಳಿಗೆ ಮುಖ ಬೇಕಲ್ಲ? ಅದಕ್ಕೆ ಅತ್ತೆ ಇದ್ದಳು. ದೆವ್ವವಾಗುವುದೆಂದರೆ ಅವಳಿಗೆ ಮದುವೆಗೆ ಹೊರಟಷ್ಟು ಸಂಭ್ರಮ. ಸೊಸೆ ಪರದೆ ಎಳೆದು, ಸ್ಟೂಲು ಹಾಕಿ, ಟಾರ್ಚ್ ಕೈಗೆತ್ತಿಕೊಳ್ಳುವುದೇ ತಡ, ಅತ್ತೆ ಹಲ್ಲಿನ ಸೆಟ್ಟು ತೆಗೆದು ಲೋಟಕ್ಕೆ ಹಾಕಿ ಜಡೆ ಬಿಚ್ಚಿಕೊಂಡು ತಯಾರು.

"ಈ ಸಲ ನಾನು ಏನೇ? ಹೆಣವೋ, ಚೆಂದದ ದೆವ್ವವೋ?"

"ಬಾವಿಯಿಂದ ಎದ್ದು ಬರೋಳು ಅತ್ತೆ."

"ಮತ್ತೆ ಬಾವಿನಾ? ನೆಗಡಿ ಆಗುತ್ತೆ ಕಣೇ! ಒಂದ್ಸಲನಾದ್ರೂ ಚೆಂದದ್ದು ಮಾಡು ಅಂದ್ರೆ ಕೇಳಲ್ಲ."

"ಚೆಂದದ ದೆವ್ವಕ್ಕೆ ಹಲ್ಲಿರುತ್ತೆ ಅತ್ತೆ."

"ಹಾಕ್ಕೋತೀನಿ ತಡಿ, ಲೋಟದಲ್ಲೇ ಇದೆ."

ಆ ಮುಖದಲ್ಲಿ ಸೊಸೆಗೆ ಅನ್ನ ಹಾಕುತ್ತಿದ್ದುದು ಎಡಗಣ್ಣು. ಅದರ ರೆಪ್ಪೆ ಪೂರ್ತಿ ಏಳುತ್ತಿರಲಿಲ್ಲ; ತುಕ್ಕು ಹಿಡಿದ ಅಂಗಡಿ ಶಟರಿನ ಹಾಗೆ ಅರ್ಧಕ್ಕೆ ನಿಂತಿತ್ತು. ಮನೆಗೆ ಬಂದ ಹೊಸದರಲ್ಲಿ ಸೊಸೆ ಯಾಕೆ ಹೀಗೆ ಎಂದು ಕೇಳಿದಾಗ ಗಂಡನ ಅಕ್ಕ, "ಅದಾ? ಹಿಂದೆ ಯಾವಾಗ್ಲೋ ಮೆಟ್ಟಿಲಿಂದ ಬಿದ್ದಿದ್ಳು" ಎಂದಿದ್ದಳು. ಗಂಡನೂ ಹೌದೆಂದಿದ್ದ. ಸೊಸೆ ತಲೆಯಾಡಿಸಿ ಪೆನ್ಸಿಲ್ ಚೂಪು ಮಾಡಿಕೊಂಡಿದ್ದಳು. ಅವತ್ತಿನಿಂದ ಅವಳ ಎಲ್ಲ ದೆವ್ವಕ್ಕೂ ಅದೇ ಕಣ್ಣು. ಓದುವವರು ಅದಕ್ಕೆ ಅರೆಗಣ್ಣಿ ಎಂದು ಹೆಸರಿಟ್ಟರು. ಅರೆಗಣ್ಣಿ ಇಲ್ಲದ ಮುಖಪುಟವನ್ನು ಜನ ಕೈಯಿಂದಲೂ ಮುಟ್ಟುವುದಿಲ್ಲ ಎಂದು ಪ್ರಕಾಶಕರು ಫೋನಿನಲ್ಲಿ ಗೋಗರೆಯುತ್ತಿದ್ದರು.

ಕಣ್ಣಿನಷ್ಟೇ ಮುಖ್ಯವಾದದ್ದು ಇನ್ನೊಂದಿತ್ತು, ಅವಳ ಕಸುಬಿನ ಗುಟ್ಟು. ರಕ್ತ, ಕೋರೆಹಲ್ಲು, ಮಾರುದ್ದ ನಾಲಗೆ, ಇವೆಲ್ಲ ಮಕ್ಕಳಾಟ ಎನ್ನುತ್ತಿದ್ದಳು. ಚಿತ್ರದಲ್ಲಿ ಎಲ್ಲವೂ ಸರಿಯಾಗಿರಬೇಕು, ಒಂದೇ ಒಂದು ತಪ್ಪಿರಬೇಕು. ಹೆಂಗಸೊಬ್ಬಳು ದೀಪ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಳೆ. ಸೆರಗು ಸರಿ, ದೀಪ ಸರಿ, ಆದರೆ ನೆರಳು ಅವಳಿಗಿಂತ ಮುಂಚೆ ಮೇಲೆ ತಲುಪಿಬಿಟ್ಟಿದೆ. ನೋಡುವವರ ಕತ್ತಿನ ಹಿಂಭಾಗಕ್ಕೆ ಅದು ಮೊದಲು ಗೊತ್ತಾಗಬೇಕು, ಕಣ್ಣಿಗೆ ಆಮೇಲೆ. ತಕ್ಷಣ ಕಂಡರೆ ಚಿತ್ರ ಸೋತಿತು, ಕೊನೆಯವರೆಗೂ ಕಾಣದಿದ್ದರೂ ಸೋತಿತು. ಬರೆದದ್ದನ್ನು ಮೊದಲು ಗಂಡನ ಮುಂದೆ ಹಿಡಿಯುವಳು. ಅವನು ಒಂದು ದಿನವೂ ತಪ್ಪು ಹುಡುಕಿದವನಲ್ಲ. "ಚೆನ್ನಾಗಿದೆ, ಸ್ವಲ್ಪ ಬಣ್ಣ ಹಾಕು" ಎನ್ನುವನು. ಅತ್ತೆ ಮಾತ್ರ ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಬೆರಳಿಟ್ಟು ತೋರಿಸಿಬಿಡುವಳು.

ಹೀಗಿರುವಾಗ ಹೆಡ್ಮಾಸ್ಟರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯಲ್ಲೊಂದು ದೊಡ್ಡ ಹಾಲ್ ಕಟ್ಟಿಸಿ ಅವರ ಹೆಸರಿಟ್ಟರು. ಗೋಡೆಗೆ ಹೆಡ್ಮಾಸ್ಟರದೂ ಅವರ ಹೆಂಡತಿಯದೂ ಜೋಡಿ ಪಟ ಬೇಕೆಂದರು. ಹೆಡ್ಮಾಸ್ಟರ ಫೋಟೋ ಗಾಡಿಗಟ್ಟಲೆ ಇದ್ದವು. ಅತ್ತೆಯದು ಒಂದೂ ಇಲ್ಲ. ಕ್ಯಾಮೆರಾ ಕಂಡರೆ ಸೌಟು ಹುಡುಕಿಕೊಂಡು ಒಳಗೆ ಹೋಗಿಬಿಡುತ್ತಿದ್ದವಳು.

ಗಂಡನ ಅಕ್ಕ ಸುದ್ದಿ ಹೊತ್ತುಕೊಂಡು ಓಡಿಬಂದಳು. ಸೊಸೆಯನ್ನು ಅವಳು ಕರೆಯುತ್ತಿದ್ದುದೇ ದೆವ್ವಮ್ಮ ಎಂದು.

"ಏನ್ ದೆವ್ವಮ್ಮ, ಇಷ್ಟು ದಿನ ಹಾಳುಮೂಳು ಬರ್ದಿದ್ದು ಸಾಕು. ಈಗ ಮನೆ ಮರ್ಯಾದೆ ನಿನ್ನ ಕೈಲಿದೆ. ಅಪ್ಪ ಕುರ್ಚಿ ಮೇಲೆ, ಅಮ್ಮ ಪಕ್ಕದಲ್ಲಿ ನಿಂತಿರ್ಬೇಕು."

"ಆಗ್ಲಿ ಅಕ್ಕ."

"ಆ ಕಣ್ಣು ಮಾತ್ರ ಸರಿ ಮಾಡ್ಬಿಡು. ಎರಡೂ ಒಂದೇ ಸಮ ಇರ್ಲಿ. ಅಷ್ಟು ಜನ ನೋಡ್ತಾರೆ."

ಗಂಡನೂ ಕನ್ನಡಕ ಮೂಗಿನ ತುದಿಗೆ ಇಳಿಸಿ, "ಹೌದು, ಸರಿ ಮಾಡು. ಅಮ್ಮಂಗೂ ಚೆನ್ನಾಗಿರುತ್ತೆ" ಎಂದ.

ಅತ್ತೆ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಅಂತೂ ನನಗೂ ಒಂದ್ಸಲ ಮನುಷ್ಯಳಾಗೋ ಯೋಗ ಬಂತು ಅನ್ನು" ಎಂದಳು.

ಮರುದಿನ ಪರದೆ ಎಳೆಯಲಿಲ್ಲ. ಟಾರ್ಚೂ ಇಲ್ಲ. ಅತ್ತೆ ಹಲ್ಲಿನ ಸೆಟ್ಟು ಹಾಕಿಕೊಂಡು, ತಲೆ ಬಾಚಿ, ಸ್ಟೂಲಿನ ಮೇಲೆ ಕೋಲಿನ ಹಾಗೆ ಕೂತಳು. ಬಾಗಿಲಗಲದ ಹಾಳೆ. ಸೊಸೆ ಕುರ್ಚಿ ಮುಗಿಸಿದಳು, ಫೋಟೋ ನೋಡಿಕೊಂಡು ಹೆಡ್ಮಾಸ್ಟರ ಕೋಟಿನ ಗುಂಡಿ ಮುಗಿಸಿದಳು, ಮೇಜಿನ ಮೇಲೆ ಅವರ ರೂಲುದೊಣ್ಣೆ ಇಟ್ಟಳು. ಆ ಗುಂಡಗಿನ ಕರಿಮರದ ದೊಣ್ಣೆ ಊರಿಗೇ ಹೆಸರಾದದ್ದು. ಯಾವಾಗಲೂ ಕಂಕುಳಲ್ಲಿರುತ್ತಿತ್ತು, ಆದರೆ ಅವರು ಒಬ್ಬ ವಿದ್ಯಾರ್ಥಿಯ ಮೈಗೂ ಅದನ್ನು ತಾಕಿಸಿದವರಲ್ಲ. ಆಮೇಲೆ ಅತ್ತೆಯ ಮೂಗು, ಬಾಯಿ, ಬಲಗಣ್ಣು. ಎಡಗಣ್ಣಿಗೆ ಬಂದಾಗ ಪೆನ್ಸಿಲ್ ನಿಂತಿತು. ಮುಚ್ಚಿದ ಆ ಅರ್ಧವನ್ನು ಕಣ್ಣುಕಟ್ಟಿಕೊಂಡೂ ಬರೆಯಬಲ್ಲ ಕೈಗೆ ತೆರೆದದ್ದು ಹೇಗಿತ್ತೆಂದು ಗೊತ್ತಿರಲಿಲ್ಲ.

"ಅತ್ತೆ, ಈ ಕಣ್ಣು ಬೀಳೋಕ್ ಮುಂಚೆ ಹೇಗಿತ್ತು?"

"ಬೀಳೋದಾ? ಎಲ್ಲಿಂದ?"

"ಮೆಟ್ಟಿಲಿಂದ."

ಅತ್ತೆ ಮೊದಲು ಅವಳನ್ನು ನೋಡಿದಳು. ಆಮೇಲೆ ಕತ್ತು ತಿರುಗಿಸಿ ಮನೆಯನ್ನೆಲ್ಲ ನಿಧಾನವಾಗಿ, ಮೂಲೆ ಮೂಲೆ ಬಿಡದೆ ನೋಡಿದಳು. ಆಮೇಲೆ ಹಲ್ಲಿನ ಸೆಟ್ಟು ಕಳಚಿ ಬೀಳುವಷ್ಟು ನಕ್ಕಳು.

"ಮೆಟ್ಟಿಲು ಎಲ್ಲಿದೆಯೇ ಈ ಮನೇಲಿ? ತೋರ್ಸು ನೋಡೋಣ, ನಾನೂ ಒಂದ್ಸಲ ಹತ್ತಿ ಬರ್ತೀನಿ."

ಸೊಸೆಯ ಕತ್ತಿನ ಹಿಂದೆ ತಣ್ಣಗಾಯಿತು. ಎಲ್ಲ ಸರಿ, ಒಂದೇ ತಪ್ಪು. ಅಂಥದ್ದನ್ನು ಅಡಗಿಸಿಟ್ಟು ಊರನ್ನೇ ಹೆದರಿಸಿದವಳು, ತಾನು ದಿನಾ ಗುಡಿಸುವ ಮನೆಯಲ್ಲಿ ಮೆಟ್ಟಿಲಿಲ್ಲ ಎಂಬುದನ್ನು ಕಂಡಿರಲಿಲ್ಲ.

"ಕಾಫಿ ಆರಿತ್ತು ಅಷ್ಟೆ," ಎಂದಳು ಅತ್ತೆ, ಪಕ್ಕದ ಮನೆಯ ಸುದ್ದಿ ಹೇಳುವಂತೆ. ಬೆರಳು ಹಾಳೆಯ ಮೇಲಿನ ರೂಲುದೊಣ್ಣೆಯತ್ತ ಹೋಯಿತು. "ಶಾಲೇಲಿ ಯಾರ ಮೈಗೂ ತಾಕಿಸ್ತಿರ್ಲಿಲ್ಲ, ನಿಜ. ಎಲ್ಲಾ ಕೂಡಿಟ್ಕೊಂಡು ಮನೆಗೆ ತರ್ತಿದ್ರು. ಬೇರೆ ಗಂಡಸರು ಬರ್ತಾ ತರಕಾರಿ ತರಲ್ವಾ, ಹಾಗೆ."

"ಇವರಿಗೆ ಗೊತ್ತಾ?"

"ನಿನ್ನ ಗಂಡ ಅಲ್ಲೇ ಕೂತು ಮಗ್ಗಿ ಬರೀತಿದ್ದ. ತಲೆ ಎತ್ತಿ ನೋಡ್ದ. ಮತ್ತೆ ಮಗ್ಗಿ ಬರ್ದ. ಅವನ ಅಕ್ಕ ಬಟ್ಟೆ ಒದ್ದೆ ಮಾಡಿ ತಂದುಕೊಟ್ಳು. ಮೆಟ್ಟಿಲು ಕಟ್ಟಿದ್ದು ಅವಳೇ. ಒಳ್ಳೇ ಮೇಸ್ತ್ರಿ."

"ನನಗೆ ಯಾಕೆ ಹೇಳ್ಲಿಲ್ಲ ಅತ್ತೆ, ಇಷ್ಟು ವರ್ಷ?"

"ನನ್ನ ಕೇಳಿದ್ಯಾ?" ಅತ್ತೆಯ ದನಿಯಲ್ಲಿ ಕೋಪವಿರಲಿಲ್ಲ, ಅದೇ ಸೊಸೆಗೆ ಚುಚ್ಚಿತು. "ಟಾರ್ಚ್ ಬಿಟ್ಟು ನೋಡ್ದೆ. ಸ್ಕೇಲ್ ಹಿಡಿದು ರೆಪ್ಪೆ ಅಳೆದೆ. 'ಇನ್ನೂ ಸ್ವಲ್ಪ ಇಳಿಸಿ ಅತ್ತೆ, ಚೆನ್ನಾಗಿ ಬರ್ತಿದೆ' ಅಂದೆ. ಊರಿಗೆಲ್ಲ ಮಾರ್ದೆ. ಕೇಳ್ಲಿಲ್ಲ."

ಕುಕ್ಕರ್ ಕೂಗಿತು. ಯಾರೂ ಏಳಲಿಲ್ಲ. ಅದು ಗಂಟಲು ಕಟ್ಟುವಷ್ಟು ಕೂಗಿ ತಾನೇ ಸುಮ್ಮನಾಯಿತು.

"ಕಣ್ಣು ಇರೋ ಹಾಗೇ ಬರೀತೀನಿ," ಎಂದಳು ಸೊಸೆ ಕೊನೆಗೆ. "ಯಾರು ಏನಾದ್ರೂ ಅಂದ್ಕೊಳ್ಲಿ."

"ಬೇಡ. ಇದ್ದ ಹಾಗೇ ಬರೆದ್ರೆ ಪಾಪ ಮುದುಕಿ, ಮೆಟ್ಟಿಲಿಂದ ಬಿದ್ದವಳು ಅಂತಾರೆ. ನೀನು ಎರಡೂ ಕಣ್ಣು ಅಗಲ ತೆರಿ. ಆಮೇಲೆ ನಿನ್ನ ಕಸುಬು ಮಾಡು." ಅತ್ತೆ ಸೆರಗು ಸರಿಮಾಡಿಕೊಂಡು ಮತ್ತೆ ನೆಟ್ಟಗೆ ಕೂತಳು. "ಒಂದು ನೆನಪಿರ್ಲಿ. ಈ ಸಲ ದೆವ್ವ ನಾನಲ್ಲ. ನಾನು ಪಕ್ಕದಲ್ಲಿ ನಿಂತೋಳು."

ಪಟದ ಕೆಲಸ ವಾರಗಟ್ಟಲೆ ನಡೆಯಿತು. ಪ್ರಕಾಶಕರ ಫೋನುಗಳು ಹೊಡೆದುಕೊಂಡು ಹೊಡೆದುಕೊಂಡು ಸತ್ತವು. ಸೊಸೆ ಚಿತ್ರದೊಳಗೊಂದು ಕಿಟಕಿ ಇಟ್ಟಳು, ಬೆಳಕು ಎಡದಿಂದ. ಎಲ್ಲದರ ನೆರಳೂ ಬಲಕ್ಕೆ ಬಿದ್ದಿತು. ಕುರ್ಚಿಯದು, ಹೂದಾನಿಯದು, ಹೆಡ್ಮಾಸ್ಟರ ಮೂಗಿನದೂ. ರೂಲುದೊಣ್ಣೆಗೆ ಮಾತ್ರ ಮೇಜಿನ ಮೇಲೆ ನೆರಳಿಲ್ಲ. ಅದರ ನೆರಳು ಅತ್ತೆಯ ಮುಖದ ಮೇಲಿತ್ತು. ಹುಬ್ಬಿನಿಂದ ಕೆನ್ನೆಗೆ, ಅಗಲವಾಗಿ ತೆರೆದ ಎಡಗಣ್ಣನ್ನು ಹಾಯ್ದು, ಓರೆಯಾಗಿ. ಮಸಿಗೆ ನೀರು ಬೆರೆಸಿ ಬೆರೆಸಿ ಉಸಿರಿನಷ್ಟು ತೆಳ್ಳಗೆ ಎಳೆದದ್ದು.

ಗಂಡನ ಮುಂದೆ ಹಿಡಿದಳು. ಅವನು ಅಪ್ಪನ ಕೋಟು ನೋಡಿ ಕಣ್ಣು ಒದ್ದೆ ಮಾಡಿಕೊಂಡ. "ಅಮ್ಮನ ಕಣ್ಣು ಎಷ್ಟು ಚೆನ್ನಾಗಿ ರಿಪೇರಿ ಮಾಡಿದೀಯ! ನಮ್ಮ ಅಂಗಡಿಗೆ ಬಂದುಬಿಡು."

ಅವನ ಅಕ್ಕ, "ಎಷ್ಟು ಲಕ್ಷಣ ನಮ್ಮಮ್ಮ! ಆದ್ರೆ ನೋಡ್ತಾ ಇದ್ರೆ ಯಾಕೋ ಮೈ ಜುಂ ಅನ್ನುತ್ತೆ" ಎಂದಳು.

"ಫ್ಯಾನ್ ಕೆಳಗೆ ಕೂತಿದೀಯ ಕಣೇ, ಈ ಕಡೆ ಬಾ" ಎಂದಳು ಅತ್ತೆ. ಅವಳು ಮಾತ್ರ ಪಟವನ್ನು ನೋಡಿದವಳೇ, ಯಾವತ್ತಿನ ಹಾಗೆ ಬೆರಳಿಡಲಿಲ್ಲ. ಸೊಸೆಯ ಕೈ ಹಿಡಿದು ಮಸಿಯಾದ ಹೆಬ್ಬೆರಳನ್ನು ತನ್ನ ಸೆರಗಿನಲ್ಲಿ ಒರೆಸಿದಳು, ಅಷ್ಟೆ.

ಹಾಲ್ ತೆರೆಯುವ ದಿನ ಊರಿಗೆ ಊರೇ ನೆರೆದಿತ್ತು. ಕುರ್ಚಿ ಸಾಲದೆ ಜನ ಒಬ್ಬರ ತೊಡೆಯ ಮೇಲೊಬ್ಬರು ಕೂತ ಹಾಗಿತ್ತು. ಅತ್ತೆಗೆ ಮುಂದಿನ ಸಾಲು, ಪಕ್ಕದಲ್ಲಿ ಸೊಸೆ. ಪರದೆ ಸರಿಸಿದಾಗ ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. ದೊಡ್ಡ ಅಧಿಕಾರಿಯಾಗಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮೈಕು ಹಿಡಿದ.

"ಕೈಯಲ್ಲಿ ದೊಣ್ಣೆ ಇತ್ತು, ಆದ್ರೆ ಮನಸ್ಸು ಬೆಣ್ಣೆ! ನಮ್ಮ ಹೆಡ್ಮಾಸ್ಟರು ಒಂದು ನೊಣಕ್ಕೂ ನೋವು ಮಾಡಿದವರಲ್ಲ!"

ಅತ್ತೆ ಸೊಸೆಯ ಕಡೆ ಬಾಗಿದಳು. "ನೊಣಗಳು ಪುಣ್ಯ ಮಾಡಿದ್ವು."

ಸೊಸೆ ಜನರನ್ನು ನೋಡುತ್ತಿದ್ದಳು. ಒಬ್ಬೊಬ್ಬರೇ ಪಟದ ಮುಂದೆ ಬಂದು ಕೈ ಮುಗಿದರು. ಕೆಲವರು ಹೋಗುತ್ತಾ ಸುಮ್ಮನೆ ಕತ್ತಿನ ಹಿಂಭಾಗ ತಿಕ್ಕಿಕೊಂಡರು, ಇನ್ನು ಕೆಲವರು ಮೇಲೆ ಫ್ಯಾನಿನತ್ತ ನೋಡಿದರು. ಒಬ್ಬರ ಕಣ್ಣೂ ಆ ನೆರಳಿನ ಮೇಲೆ ನಿಲ್ಲಲಿಲ್ಲ. ಅವಳ ಬದುಕಿನಲ್ಲಿ ಇಷ್ಟು ಚೆನ್ನಾಗಿ ಬಂದ ಚಿತ್ರ ಇನ್ನೊಂದಿಲ್ಲ, ಅದು ಅವಳ ಕಣ್ಣೆದುರೇ ಸೋಲುತ್ತಿತ್ತು.

ಕೊನೆಗೆ ಗಂಡ ಬಂದು ನಿಂತ. ಮನೆಯ ಮಬ್ಬು ಬೆಳಕಿನಲ್ಲಿ ಕಾಣದ್ದು ಹಾಲಿನ ಎತ್ತರದ ಕಿಟಕಿಗಳ ಬೆಳಕಿನಲ್ಲಿ ಕಂಡಿತೋ ಏನೋ, ಮುಗಿದ ಕೈ ಹಾಗೇ ನಿಂತಿತು. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಮೇಜಿನ ಮೇಲಿನ ದೊಣ್ಣೆ ನೋಡಿದ. ಅಮ್ಮನ ಮುಖ ನೋಡಿದ. ಮತ್ತೆ ದೊಣ್ಣೆ. ಮುಖ ಸುಣ್ಣ ಬಳಿದ ಗೋಡೆಯಾಯಿತು. ನಿಧಾನವಾಗಿ ಹಿಂದಕ್ಕೆ ತಿರುಗಿ ಮುಂದಿನ ಸಾಲಿನಲ್ಲಿ ಕೂತ ತಾಯಿಯನ್ನು ನೋಡಿದ. ಅವಳು ಒಂದೂವರೆ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದಳು.

ಸೊಸೆ ಅವನ ಬಾಯನ್ನೇ ನೋಡಿದಳು. ಈಗ ಹೇಳುತ್ತಾನೆ. ಒಂದು ಮಾತು, "ಅಮ್ಮ" ಅಂದರೂ ಸಾಕು.

ಅವನು ಬಾಗಿಲ ಬಳಿ ನಿಂತಿದ್ದ ಜವಾನನನ್ನು ಕೈ ಮಾಡಿ ಕರೆದ.

"ಏನಪ್ಪಾ, ಗಾಜಿನ ಮೇಲೆ ಏನೋ ಕಲೆ ಇದೆ. ಸ್ವಲ್ಪ ಒರೆಸು."

ಜವಾನ ಸ್ಟೂಲು ತಂದ, ಹತ್ತಿದ, ಬಟ್ಟೆಯಿಂದ ಒರೆಸಿದ. ಬಾಯಿಂದ ಹಾ ಎಂದು ಊದಿ ಮತ್ತೆ ಒರೆಸಿದ.

"ಹೋಗ್ತಿಲ್ಲ ಸಾರ್."

"ಹೋಗುತ್ತೆ. ಒತ್ತಿ ಒರೆಸು."

ಸೊಸೆ ಎದ್ದು ನಿಲ್ಲಲು ಹೋದಳು. ಅತ್ತೆ ಅವಳ ಮೊಣಕೈ ಹಿಡಿದು ಕೂರಿಸಿದಳು.

"ಕೂತ್ಕೊಳೇ. ಅವನಿಗೆ ಕಾಣ್ತು, ನಿನ್ನ ಚಿತ್ರ ಗೆಲ್ತು. ಇನ್ನೇನು ಬೇಕು ನಿನಗೆ?" ಎಂದು ಹೇಳಿ, ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಪಟದಲ್ಲಿನ ತನ್ನ ಎಡಗಣ್ಣನ್ನು ಉಜ್ಜುತ್ತಿದ್ದ ಜವಾನನನ್ನೇ ನೋಡುತ್ತಾ ಕೂತಳು. "ಒರೆಸ್ಲಿ ಬಿಡು. ನಾನೂ ಬಹಳ ದಿನ ಒರೆಸಿದ್ದೆ."