ಎಡಗಡೆಯ ಕುರ್ಚಿ

ಆಸ್ಪತ್ರೆಯಿಂದ ಬಂದ ಮೇಲೆ ಹದಿನಾರು ದಿನ ನನ್ನ ಗಂಡ ನನ್ನ ಮುಖ ನೋಡಲಿಲ್ಲ. ಮಂಚದ ಬಲಕ್ಕಿರುವ ಕಿಟಕಿಯ ಆಚೆ ನಮ್ಮ ಗಿರಣಿಯ ಹಮಾಲಿ ಮೂಕಣ್ಣ ಬಂದು ನಿಂತರೆ ಸಾಕು, "ಏನ್ಲೇ, ಉಂಡೇನು?" ಎಂದು ನಗುತ್ತಿದ್ದರು. ಎಡಕ್ಕೆ ಕುರ್ಚಿ ಹಾಕಿಕೊಂಡು ಹಗಲೆಲ್ಲ ಕೂತ ನಾನು ಮಾತ್ರ ಆಟಕ್ಕುಂಟು ಲೆಕ್ಕಕ್ಕಿಲ್ಲ. ಏನಾದರೂ ಕೇಳಿದರೆ ಉತ್ತರವನ್ನು ಕಿಟಕಿಗೆ ಹೇಳುತ್ತಿದ್ದರು.

ಸಿಟ್ಟು ಯಾಕೆಂದು ನನಗೆ ಗೊತ್ತಿತ್ತು. ಸಂಡೂರಿನಲ್ಲಿರುವ ನನ್ನ ತಂಗಿಯ ಗಂಡನಿಗೂ ಇವರಿಗೂ ಎಣ್ಣೆ ಸೀಗೆಕಾಯಿ. ಅವರ ಮೊಮ್ಮಗುವಿಗೆ ಹೆಸರಿಡುವ ದಿನ ಹೋಗಬೇಡ ಅಂದಿದ್ದರು, ನಾನು ಬಸ್ಸು ಹತ್ತಿ ಹೋಗಿದ್ದೆ. ತಿರುಗಿ ಬಂದ ಮೇಲೆ ನಾಲ್ಕು ದಿನ ಮಾತಿಲ್ಲ. ಮೊದಲು ಮಾತಾಡುವ ಜಾತಿಯವಳು ನಾನೂ ಅಲ್ಲ. ಐದನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಎಡಗೈ, ಎಡಗಾಲು ಸೋತವು. ಲಕ್ವ ಹೊಡೆದರೂ ಹಟ ಬಿಡದ ಮನುಷ್ಯ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಅವರು ಹಿಂಗೇ ಹೋಗಿಬಿಟ್ಟರೆ ನಾವು ಮಾತು ಬಿಟ್ಟದ್ದು ಬಿಟ್ಟ ಹಾಗೇ ಉಳಿಯುತ್ತದಲ್ಲ ಎಂಬ ಭಯವೂ ಇತ್ತು.

ಹದಿನಾರನೆಯ ದಿನ, ಕೈಕಾಲಿಗೆ ವ್ಯಾಯಾಮ ಮಾಡಿಸಲು ಪಂಪಾವತಿ ಎಂಬ ಹುಡುಗಿ ಟಿ.ಬಿ. ಡ್ಯಾಂ ಊರಿನಿಂದ ಕಂಪ್ಲಿಯ ನಮ್ಮ ಮನೆಗೆ ಬಂದಳು. ಅವಳು ಬಂದಾಗ ಇವರು ಉಣ್ಣುತ್ತಿದ್ದರು. ಬಲಗಡೆಯ ರೊಟ್ಟಿ ಖಾಲಿಯಾಗಿತ್ತು, ಎಡಗಡೆಯ ಬದನೆಕಾಯಿ ಪಲ್ಯ ಹಾಕಿದ ಹಾಗೇ ಇತ್ತು.

"ಬರೇ ರೊಟ್ಟಿ ತಿನ್ನಬೇಕೇನು? ಪಲ್ಯ ಎಲ್ಲೈತಿ?" ಎಂದು ಕಿಟಕಿಗೆ ಕೇಳಿದರು.

"ತಾಟಿನಾಗ ಐತಲ್ರಿ, ಕಣ್ಣು ಕಾಣವಲ್ವೇನು?" ಎಂದೆ ನಾನು.

ಹುಡುಗಿ ತಾಟನ್ನು ಅರ್ಧ ಸುತ್ತು ತಿರುಗಿಸಿದಳು. "ಹಾಂ, ಈಗ ಹಾಕಿದ್ರು" ಎಂದು ಇವರು ಪಲ್ಯಕ್ಕೆ ಕೈ ಹಾಕಿದರು.

ಊಟವಾದ ಮೇಲೆ ಅವಳು ಕೇಳಿದಳು: "ಸಾವ್ಕಾರ್ರ, ನಿಮ್ಮ ಗಿರಣಿ ಗೇಟಿನಾಗ ಒಳಗ ಮುಖ ಮಾಡಿ ನಿಂತೀರಿ ಅನ್ಕೋರಿ. ಏನೇನು ಕಾಣ್ತಾವು?"

"ತೂಕದ ಕಟ್ಟಿ. ಗೋಡೌನ್. ಬೇವಿನ ಗಿಡ." ಅಷ್ಟೇ. ಮೂವತ್ತು ವರ್ಷ ನಡೆಸಿದ ಗಿರಣಿಯಲ್ಲಿ ಬಾಯ್ಲರ್ ಇಲ್ಲ, ಚಿಮಣಿ ಇಲ್ಲ, ಅಲ್ಲೇ ಎಡಕ್ಕಿರುವ ನಮ್ಮ ಮನೆಯೂ ಇಲ್ಲ.

"ಈಗ ಹಿಂದಿನ ಗೋಡಿಗೆ ಹೋಗಿ ಗೇಟಿನ ಕಡಿ ನೋಡ್ರಿ."

"ಬಾಯ್ಲರ್. ಚಿಮಣಿ. ನಮ್ಮ ಮನಿ. ಮನಿ ಮುಂದ ಗಂಗಾಂಬಿಕಾ ಹಪ್ಪಳ ಹಾಕ್ಲಿಕ್ಕತ್ತಾಳ." ಈಗ ತೂಕದ ಕಟ್ಟೆಯೂ ಬೇವಿನ ಮರವೂ ಮಾಯವಾಗಿದ್ದವು.

ಅವರ ಬಾಯಲ್ಲಿ ನನ್ನ ಹೆಸರು ಕೇಳಿ ನನಗೆ ಅಳು ಬಂತು. ಹುಡುಗಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದಳು: "ಕಣ್ಣು ಚಲೋ ಅದಾವಮ್ಮಾ. ಪೆಟ್ಟು ಬಿದ್ದಿದ್ದು ಮಿದುಳಿನ ಬಲಭಾಗಕ್ಕ. ಎಡಗಡಿ ಅನ್ನೋದನ್ನ ಅದು ಕೈಬಿಟ್ಟೈತಿ. ನೆನಪಿನಾಗೂ ಹಂಗ. ಎಡಗಡಿಯಿಂದ ಕರದ್ರ ಬಲಗಡಿ ಹುಡುಕ್ತಾರ. ಕಾಣವಲ್ದು ಅನ್ನೋದೂ ಅವರಿಗೆ ಗೊತ್ತಿಲ್ಲ."

ಅವಳು ಬಸ್ಸು ಹತ್ತಿದ್ದೇ ತಡ, ನಾನು ಮಂಚವನ್ನು ಕಿಟಕಿಯಿಂದ ಎಳೆದು ನಡುವೆ ಕುರ್ಚಿ ತೂರಿಸಿ ಬಲಗಡೆ ಕೂತೆ. ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ, "ಸಂಡೂರಿನಾಗ ಕೂಸಿಗೆ ಏನು ಹೆಸರಿಟ್ರು?" ಎಂದು ಕೇಳಿದರು. ನಮ್ಮ ಮನೆಯಲ್ಲಿ ರಾಜಿ ಅಂದರೆ ಇಷ್ಟೇ. ಅದಾದ ಮೇಲೆ ಮೂರು ದಿನ ಇಬ್ಬರೂ ಬಾಯಿಗೆ ಬಿಡುವು ಕೊಡಲಿಲ್ಲ. ಮದುವೆಯಾದ ಹೊಸತರಲ್ಲೂ ಇವರು ಇಷ್ಟು ಮಾತಾಡಿದ್ದಿಲ್ಲ.

ನಾಲ್ಕನೆಯ ದಿನ ಪಂಪಾವತಿ ಮತ್ತೆ ಬಂದಳು. ಬಾಗಿಲಲ್ಲೇ ನಿಂತು, "ಕುರ್ಚಿ ಈ ಕಡಿ ಯಾರು ಹಾಕಿದ್ರು?" ಎಂದಳು.

"ನಾನ."

"ತೆಗೀರಿ. ಅಲ್ಲಿ ಕುಂತ್ರ ನಿಮಗ ಚಲೋ, ಅವರಿಗಲ್ಲ. ತಮಗ ಬೇಕಾದವರು ಎಡಗಡಿ ಇದ್ರಷ್ಟ ಮಿದುಳು ಆ ಕಡಿ ತಿರುಗೋದು ಕಲೀತೈತಿ. ನಾಳಿ ಗಿರಣ್ಯಾಗ ಅಡ್ಡಾಡೋರು ಅವರು. ಎಡಗಡಿ ಬೆಲ್ಟ್ ಓಡ್ತಿರ್ತೈತಿ."

ಮದುವೆಯಾಗದ ಹುಡುಗಿಗೆ ಏನು ಗೊತ್ತು ಎಂದುಕೊಂಡು ಕುರ್ಚಿ ಮುಟ್ಟಲಿಲ್ಲ. ಅವಳು ಅವರನ್ನು ಎಬ್ಬಿಸಿ ಪಡಸಾಲೆಗೆ ನಡೆಸಿದಳು, ನಾನು ಹಿಂದೆ ಹೊರಟೆ. ಹೊಸ್ತಿಲು ದಾಟುವಾಗ ಅವಳು ಹಿಡಿಯುವಷ್ಟರಲ್ಲಿ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಅಂಗಿ ಹರಿದು ರಕ್ತ ಬಂತು. ಇವರು ತಿರುಗಿಯೂ ನೋಡದೆ, "ನಾಡದು ಗಿರಣಿಗೆ ಹೊಂಟೀನಿ" ಎಂದು ಮೂಕಣ್ಣನಿಗೆ ಕೂಗಿ ಹೇಳುತ್ತಿದ್ದರು. ಆ ರಕ್ತ ಒರೆಸಿ, ನಾನೇ ಕುರ್ಚಿ ಎತ್ತಿ ಎಡಕ್ಕೆ ಇಟ್ಟೆ.

ಹೊರಡುವಾಗ ಪಂಪಾವತಿ ಇನ್ನೊಂದು ಹೇಳಿದಳು. "ರೀ ಅಂತ ಕರೀಬ್ಯಾಡ್ರಿ. ಅವರ ಹೆಸರು ಹಿಡಿದು ಕರೀರಿ. ಎಷ್ಟ ಗದ್ದಲ ಇರ್ಲಿ, ತನ್ನ ಹೆಸರಿಗೆ ಮಿದುಳು ಕಿವಿ ಕೊಡತೈತಿ."

ಮೂವತ್ತೊಂದು ವರ್ಷ ನಾನು ಅವರ ಹೆಸರು ಹೇಳಿದವಳಲ್ಲ. ಜನಗಣತಿಯವರು ಬಂದರೆ ರೇಷನ್ ಕಾರ್ಡ್ ಮುಂದೆ ಹಿಡಿದವಳು.

ಅವಳು ಹೋದಳು. ಮಂಚದಲ್ಲಿ ಒರಗಿದ ಇವರು ಬಲಕ್ಕೆ ಕೈಯಾಡಿಸಿದರು. ನಾನು ಮೂರು ದಿನ ಕೂತಿದ್ದ ಜಾಗ ಬರಿದಾಗಿತ್ತು. ಎಡಗಡೆಯ ಕುರ್ಚಿಯಿಂದ "ರೀ" ಎಂದೆ. ಕಿಟಕಿಯತ್ತ ಕತ್ತು ಚಾಚಿ, "ಗಂಗಾ, ಎಲ್ಲಿ ಹೋದಿ?" ಎಂದರು. ದನಿಯಲ್ಲಿ ಗಾಬರಿಯಿತ್ತು. ನಾಲ್ಕು ಹೆಜ್ಜೆ ಸುತ್ತಿ ಆ ಕಡೆ ಹೋದರೆ ಮುಗಿಯಿತು. ಕಾಲು ಎದ್ದೇ ಬಿಟ್ಟಿತ್ತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕೂತೆ.

"ಮರುಳಸಿದ್ದಪ್ಪ" ಎಂದೆ. ನನಗೇ ಕೇಳಿಸಲಿಲ್ಲ. ಎರಡನೆಯ ಸಲ ದನಿ ಬಂತು, ಇವರ ರೆಪ್ಪೆ ಆಡಿತು. ಮೂರನೆಯ ಸಲ ಕತ್ತು ನೆಟ್ಟಗಾಗಿ ಅಲ್ಲೇ ನಿಂತು, ಮತ್ತೆ ಬಲಕ್ಕೆ ಜಾರಿತು. ನಾಲ್ಕನೆಯ ಸಲಕ್ಕೆ ಅಂಗಳದಲ್ಲಿದ್ದ ಮೂಕಣ್ಣ ಚೀಲ ಇಳಿಸಿ ಬೆರಗಾಗಿ ನೋಡಿದ. ನೋಡಲಿ. ಎಷ್ಟು ಸಲ ಕರೆದೆನೋ, ಗಂಟಲು ಒಣಗಿತು. ಕೊನೆಗೆ ಇವರ ಮುಖ ಇಂಚಿಂಚಾಗಿ ಎಡಕ್ಕೆ ಬಂತು, ನನ್ನ ಸೆರಗು ಸಿಕ್ಕಿತು, ಆಮೇಲೆ ನಾನು ಸಿಕ್ಕಿದೆ.

"ಯಾವಾಗ ಬಂದಿ?" ಎಂದರು.

ಬಾಯಿಗೆ ಏನೇನೋ ಬಂತು. ಇಷ್ಟು ದಿನವೂ ಇಲ್ಲೇ ಇದ್ದೆ ಎನ್ನಬೇಕೆನಿಸಿತು.

"ಈಗ ಬಂದೆ ರೀ" ಎಂದೆ.

"ಚಲೋ ಆತು" ಎಂದರು. ಅಷ್ಟರಲ್ಲಿ ಕತ್ತು ಸೋತು ಮುಖ ಕಿಟಕಿಗೆ ಹೊರಳಿತು. ಒಂದು ಗಳಿಗೆಯ ಮೇಲೆ ಬಲಗೈ ಮತ್ತೆ ಆ ಬರಿದಾದ ಜಾಗವನ್ನು ತಡವತೊಡಗಿತು. ನಾನು ಒಂದು ಗುಟುಕು ನೀರು ಕುಡಿದು ಮತ್ತೆ ಅವರ ಹೆಸರು ಕರೆದೆ.